ಆಪ್ತಸಲಹೆ ಪ್ರಕರಣ: ‘ಎಲ್ಲರೂ ಆಶೀರ್ವಾದ ಅಂತಾರೆ, ನನಗೆ ಸುಸ್ತಷ್ಟೇ’

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ಬಂದವರು ಇಬ್ಬರು ಮಕ್ಕಳ ತಾಯಿ. ಏಳು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಸ್ನಾಯುಗಳ ಮೇಲಿನ ಹಿಡಿತ ತಪ್ಪುವ ಸ್ಥಿತಿ), ಜೊತೆಗೆ ಫಿಟ್ಸ್. ನಡೆಯಲಾಗುವುದಿಲ್ಲ, ಮಾತು ಬಂದಿಲ್ಲ. ಮಗಳಿಗೆ ಹನ್ನೊಂದು. ಗಂಡ ಒಳ್ಳೆಯವರೇ, ಆದರೆ ದಂಪತಿಯ ನಡುವೆ ಮಾತು ತೀರಾ ಕಡಿಮೆಯಾಗಿತ್ತು. ಚರ್ಚಿನ ಸಭೆಗೆ ಸೇರಿದ, ಭಾನುವಾರದ ಆರಾಧನೆ ತಪ್ಪಿಸದ ಕ್ರೈಸ್ತ ಕುಟುಂಬ.

ಆಕೆ ಮೊದಲು ಕೇಳಿದ್ದು ಮಗನ ಬಗ್ಗೆ ಅಲ್ಲ. “ಮೇಡಂ, ಸಭೆಯಲ್ಲಿ ಎಲ್ಲರೂ, ದೇವರು ನಿಮ್ಮನ್ನೇ ಆರಿಸಿ ಈ ಮಗು ಕೊಟ್ಟಿದ್ದಾನೆ, ಇದು ಆಶೀರ್ವಾದ ಅಂತಾರೆ. ನಾನೂ ಆಮೆನ್ ಅಂತೀನಿ. ಮನೆಗೆ ಬಂದ ಮೇಲೆ ಸುಸ್ತು, ಸಿಟ್ಟು ಬಿಟ್ಟರೆ ಏನೂ ಇಲ್ಲ. ನನ್ನ ವಿಶ್ವಾಸವೇ ಸುಳ್ಳಾ?”

ವಿಶ್ವಾಸದ ವಿಷಯ ಆಮೇಲೆ ನೋಡೋಣ, ಮೊದಲು ಒಂದು ಊಟ ಹೇಗೆ ಆಗುತ್ತೆ ಹೇಳಿ ಅಂದೆ. ಬಲಗೈಯಲ್ಲಿ ಚಮಚ, ಎಡಗೈ ಮಗನ ದವಡೆಯ ಕೆಳಗೆ. ನಾಲಿಗೆ ಅನ್ನವನ್ನು ಹೊರಕ್ಕೆ ತಳ್ಳುತ್ತದೆ. ಗದ್ದದ ಮೇಲೆ ಬಿದ್ದದ್ದನ್ನು ಚಮಚದ ಅಂಚಿನಲ್ಲಿ ಬಳಿದು ಮತ್ತೆ ಬಾಯಿಗೆ. ಗಂಟಲು ಅಲುಗುವವರೆಗೆ ಕಾಯಬೇಕು. ಕೆಮ್ಮಿದರೆ ಎಲ್ಲ ನಿಲ್ಲಿಸಿ ಮುಂದಕ್ಕೆ ಬಾಗಿಸಬೇಕು. ಹೇಳುತ್ತಾ ಹೇಳುತ್ತಾ ಆಕೆಯ ಎಡಗೈ ತಾನಾಗಿಯೇ ಗಾಳಿಯಲ್ಲಿ ಒಂದು ದವಡೆ ಹಿಡಿದಂತೆ ಮಡಚಿಕೊಂಡಿತ್ತು. ಒಂದು ಊಟಕ್ಕೆ ಹತ್ತಿರ ಹತ್ತಿರ ಒಂದು ಗಂಟೆ. ಅದೂ ದಿನಕ್ಕೆ ಮೂರು ಸಲ. ರಾತ್ರಿ ನಿದ್ದೆ ತುಂಡು ತುಂಡು.

ನಂತರ ಒಂದು ಮಾತು ಬಂತು: “ಇಬ್ಬರೂ ನಿದ್ದೆಯಲ್ಲೇ ಹೋಗಿಬಿಟ್ಟರೆ ಸಾಕು ಅನಿಸುತ್ತೆ.” ಇಂಥ ಮಾತನ್ನು ನಾನು ಹಾರಿಸಿಕೊಂಡು ಹೋಗುವುದಿಲ್ಲ. ನಿಮಗಾಗಲಿ ಮಗನಿಗಾಗಲಿ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಇಲ್ಲ, ಸಾಕಾಗಿದೆ ಅಷ್ಟೇ ಅಂದರು. ಆದರೂ ಅದೇ ವಾರ ಮನೋವೈದ್ಯರನ್ನು ನೋಡಬೇಕು, ಅಂಥ ಯೋಚನೆ ಬಂದರೆ ಒಂಟಿಯಾಗಿ ಇರಬಾರದು, ತಕ್ಷಣ ಗಂಡನಿಗೆ ಹೇಳಬೇಕು ಎಂದು ಒಪ್ಪಿಸಿದೆ.

ಬೈಬಲಿನ ಪ್ರವಾದಿ ಎಲೀಯನ ಕಥೆ ಆಕೆಗೆ ಗೊತ್ತಿತ್ತು. 1 ಅರಸುಗಳು 19ರಲ್ಲಿ ಅವನು ಸಾಯಬೇಕು ಅಂತ ಬೇಡಿಕೊಳ್ಳುತ್ತಾನೆ. ದೇವದೂತ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎದ್ದ ಮೇಲೆ ಇನ್ನೊಮ್ಮೆ ಊಟ. ವಿಶ್ವಾಸದ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ: ನಿಮಗೆ ನಿದ್ದೆ ಬೇಕು.

ಆಕೆಯನ್ನು ಎರಡು ಕಡೆಯಿಂದ ಮಾತು ಚುಚ್ಚುತ್ತಿತ್ತು. ಸಂಬಂಧಿಕರೊಬ್ಬರು ಯಾರ ಪಾಪವೋ ಅಂದಿದ್ದರು. ಸಭೆಯವರು ಆಶೀರ್ವಾದ ಅಂದಿದ್ದರು. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳುತ್ತಾರೆ. ಇಬ್ಬರೂ ಅಲ್ಲ ಅನ್ನುತ್ತಾನೆ ಯೇಸು. ಪಾಪದ ಮಾತು ಅಲ್ಲಿಗೆ ಮುಗಿಯಿತು. ಆದರೆ ಆಕೆಗೆ ಮುಂದಿನ ಸಾಲು ಕಷ್ಟವಾಗಿತ್ತು. “ದೇವರ ಕ್ರಿಯೆ ತೋರಿಸೋಕೆ ಅಂತಿದೆಯಲ್ಲಾ, ಹಾಗಾದರೆ ನನ್ನ ಮಗ ಪ್ರದರ್ಶನದ ವಸ್ತುನಾ?”

ಒಳ್ಳೆಯ ಪ್ರಶ್ನೆ. ಅಧ್ಯಾಯವನ್ನು ಕೊನೆಯವರೆಗೂ ಓದಿ ಅಂದೆ. ಯೇಸು ಅವನಿಗೆ ಕಣ್ಣು ಕಾಣುವಂತೆ ಮಾಡಿದ ಮೇಲೆ ನೆರೆಯವರು, ಫರಿಸಾಯರು (ಕಟ್ಟುನಿಟ್ಟಿನ ಯೆಹೂದಿ ಪಂಥದವರು) ಎಲ್ಲರೂ ಅವನ ಬಗ್ಗೆಯೇ ವಾದ ಮಾಡುತ್ತಾರೆ. ಹೆತ್ತವರೇ ಹೆದರಿ, ಅವನನ್ನೇ ಕೇಳಿ ಅನ್ನುತ್ತಾರೆ. ಕೊನೆಗೆ ಅವನನ್ನು ಹೊರಗೆ ಹಾಕುತ್ತಾರೆ. ಆಗ ಅವನನ್ನು ಹುಡುಕಿಕೊಂಡು ಬರುವವನು ಯೇಸು. ಪ್ರದರ್ಶನ ಮುಗಿದ ಮೇಲೆ ವಸ್ತುವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಅಲ್ವಾ?

ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಅಂಗವಿಕಲ ಮಗು ತಂದೆತಾಯಿಗೆ ತಾಳ್ಮೆ ಕಲಿಸಲು ಕಳುಹಿಸಿದ ಪಾಠಪುಸ್ತಕ ಅಲ್ಲ. ಆಶೀರ್ವಾದ ಸೇವೆಗೆ ಸಿಗುವ ಕೂಲಿಯೂ ಅಲ್ಲ. ಆರೈಕೆಗೆ ಒಂದು ದಿನವೂ ಕೈ ಜೋಡಿಸದವರು ಆ ಪದವನ್ನು ತಾಯಿಯ ಮೇಲೆ ಹೇರಿದರೆ ಆಕೆಯ ಬಾಯಿ ಮುಚ್ಚಿಸಿದಂತೆ. ಆಕೆಗೆ ತಾನಾಗಿ ಹಾಗೆ ಅನಿಸಿದ ದಿನ ಆಕೆಯೇ ಹೇಳಲಿ. ಅಲ್ಲಿಯವರೆಗೆ ದೇವರ ಹತ್ತಿರ ದೂರು ಹೇಳಬಹುದು. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಅಂಟಿಸಿಲ್ಲ. ಅದನ್ನು ಗಟ್ಟಿಯಾಗಿ ಓದಿ ಎಂದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಯಾರೋ ಪ್ರಾರ್ಥನೆ ಮಾಡಿ, ವಿಶ್ವಾಸ ಇದ್ದರೆ ಫಿಟ್ಸ್ ಮಾತ್ರೆ ಬಿಡಿ ಅಂದಿದ್ದರಂತೆ. ಬಿಡಬಾರದು. ಈ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗುವಂಥ, ನಿಲ್ಲದ ಫಿಟ್ಸ್ ಬರಬಹುದು. ಪ್ರಾರ್ಥನೆಗೂ ಮಾತ್ರೆಗೂ ಜಗಳ ಇಲ್ಲ.

ಊಟಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತಿದ್ದರೆ, ನಡುವೆ ಕೆಮ್ಮು ಬರುತ್ತಿದ್ದರೆ, ನುಂಗುವುದನ್ನು ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಅನ್ನ ಶ್ವಾಸನಾಳಕ್ಕೆ ಹೋಗುತ್ತಿರಬಹುದು. ರಾತ್ರಿ ಏಳುವುದಕ್ಕೆ ಮಲಬದ್ಧತೆ, ಸ್ನಾಯು ಸೆಳೆತ, ಹುಳಿ ಮೇಲೆ ಬರುವುದು, ಫಿಟ್ಸ್ ಹೀಗೆ ಹಲವು ಕಾರಣ ಇರುತ್ತವೆ. ಅಮ್ಮನ ಸಹನೆ ಪರೀಕ್ಷಿಸಲು ಮಗು ಎದ್ದಿಲ್ಲ. ವೈದ್ಯರಿಗೆ ಹೇಳಿ ಅಂದೆ.

ಗಂಡನನ್ನು ಕರೆಸಿದಾಗ ಮಗನೂ ಬಂದಿದ್ದ. ಅಪ್ಪ ಬಾಗಿಲಲ್ಲಿ ಕಂಡದ್ದೇ ತಡ, ಹುಡುಗನ ಎರಡೂ ತೋಳು ಸೆಟೆದು ಮೇಲೆದ್ದವು, ಕಾಲು ನೆಟ್ಟಗಾಯಿತು, ಬಾಯಿ ತೆರೆದುಕೊಂಡಿತು. ಖುಷಿಯಾದರೂ ಈ ಮಕ್ಕಳ ಸ್ನಾಯು ಬಿಗಿಯುತ್ತದೆ. “ಇವನಿಗೆ ನೋವಾಗ್ತಿದೆ ಅಂತ ನಾನು ಎತ್ತಿಕೊಳ್ಳೋದೇ ಬಿಟ್ಟಿದ್ದೆ” ಅಂದರು ಅಪ್ಪ. ತಾಯಿ ಹೇಳಿದರು: “ರೀ, ಅದು ನಗು. ನಿಮ್ಮ ಗಾಡಿ ಸದ್ದು ಕೇಳಿದರೂ ಹೀಗೇ ಮಾಡ್ತಾನೆ.” ಆ ಸಂಜೆಯಿಂದ ರಾತ್ರಿ ಊಟ ಮಾಡಿಸುವುದು ಅಪ್ಪನ ಪಾಲಿಗೆ ಬಂತು.

ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಈ ತಾಯಿ ಹಾಸಿಗೆಯ ನಾಲ್ಕೂ ಮೂಲೆ ಒಬ್ಬರೇ ಹಿಡಿದಿದ್ದರು. ಹಾಗಾಗಿ ‘ಏನಾದರೂ ಬೇಕಾದರೆ ಹೇಳಿ’ ಅನ್ನುವವರಿಗೆ ಸುಮ್ನೆ ತಲೆಯಾಡಿಸಬೇಡಿ, ಕೆಲಸ ಹೇಳಿ ಎಂದೆ. ಸಭೆಯ ಇಬ್ಬರು ಮಗನನ್ನು ನೆಟ್ಟಗೆ ಕೂರಿಸಿ ಊಟ ಮಾಡಿಸುವುದನ್ನು ತಜ್ಞರಿಂದ ಕಲಿತಿದ್ದಾರೆ, ಶನಿವಾರ ಮಧ್ಯಾಹ್ನ ಬರುತ್ತಾರೆ. ಆಶೀರ್ವಾದದ ಮಾತು ಜೋರಾಗಿ ಆಡುತ್ತಿದ್ದ ಒಬ್ಬರು ಇನ್ನೂ ಬಂದಿಲ್ಲ.

ಸಿಟ್ಟು ಹೋಗಿಲ್ಲ, ಕಡಿಮೆಯಾಗಿದೆ. ಮನೋವೈದ್ಯರು ಕೊಟ್ಟ ಔಷಧಿ ನಡೆಯುತ್ತಿದೆ. ಮಗನ ಗೊಣಗಾಟದಲ್ಲಿ ‘ಬೇಕು’, ‘ಬೇಡ’ ಎರಡರ ವ್ಯತ್ಯಾಸ ಗೊತ್ತಾಗುತ್ತಿದೆ ಎಂದು ಮೊನ್ನೆ ಉತ್ಸಾಹದಿಂದ ಹೇಳಿದರು. ಅದಕ್ಕೆ ನಾನು ಯಾವ ಹೆಸರನ್ನೂ ಇಡಲಿಲ್ಲ.

ಬಾಕಿ ಇರುವುದು ಮುಂದಿನ ಪ್ರಶ್ನೆ: ನಾವಿಲ್ಲದ ಮೇಲೆ ಯಾರು? ಮಗಳು ಈಗಲೇ “ನಾನು ನೋಡ್ಕೋತೀನಿ” ಅನ್ನುತ್ತಾಳೆ. ಹನ್ನೊಂದರ ಹುಡುಗಿಯಿಂದ ಆ ಮಾತು ಪಡೆದುಕೊಳ್ಳಬೇಡಿ ಎಂದಿದ್ದೇನೆ. ಮುಂದಿನ ಭೇಟಿಗೆ ಗಂಡ ಹೆಂಡತಿ ಇಬ್ಬರೇ ಬರುತ್ತಾರೆ.