ರೆನೆಸಾನ್ಸ್ (ಯುರೋಪಿನ ಪುನರುಜ್ಜೀವನ) ಕಾಲದಲ್ಲಿ ತೋಟ, ಸಂಗೀತದ ಮೂಲಕ ಅಧಿಕಾರ ತೋರಿಸುತ್ತಿದ್ದದ್ದು ಹೇಗೆ?

ಇಟಲಿಯ ರೋಮ್ ಹತ್ತಿರ ತಿವೊಲಿಯಲ್ಲಿರುವ, ಕಾರಂಜಿಗಳ ತೋಟವಿರುವ ಭವ್ಯ ಬಂಗಲೆ ವಿಲ್ಲಾ ದೆಸ್ತೆ ಇದಕ್ಕೆ ಒಳ್ಳೆಯ ಉದಾಹರಣೆ. ಇದನ್ನು ಕಟ್ಟಿಸಿದ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್ ನಂತರದ ದೊಡ್ಡ ಧರ್ಮಗುರು) ಇಪ್ಪೊಲಿತೊ ದೆಸ್ತೆಗೆ ಪೋಪ್ ಆಗುವ ಆಸೆ ಜಾಸ್ತಿ ಇತ್ತು, ಕೈಗೂಡಲಿಲ್ಲ. 1550ರಲ್ಲಿ ತಿವೊಲಿಯ ಗವರ್ನರ್ ಆದ. ತೋಟಕ್ಕಾಗಿ ಮನೆಗಳನ್ನು ಕೆಡವಿಸಿದ, ಅನಿಯೆನೆ ನದಿಯ ನೀರನ್ನೇ ತಿರುಗಿಸಿದ. ನದಿಯೂ ತನ್ನ ಮಾತು ಕೇಳುತ್ತದೆ ಅಂತ ತೋರಿಸುವುದು ಅಧಿಕಾರವೇ ಅಲ್ವಾ?

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಅಲ್ಲಿನ ಆರ್ಗನ್ ಕಾರಂಜಿ, ಅಂದರೆ ಗಾಳಿ ಊದಿ ನುಡಿಯುವ ಕೊಳವೆಗಳ ವಾದ್ಯ ಇರುವ ಕಾರಂಜಿ. ಮೇಲಿನಿಂದ ಧುಮುಕುವ ನೀರು ಮುಚ್ಚಿದ ಕೋಣೆಯೊಳಗೆ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಕೊಳವೆಗಳಿಗೆ ನುಗ್ಗಿದಾಗ ಸ್ವರ ಹೊರಡುತ್ತದೆ. ಯಾವ ಸ್ವರ ಯಾವಾಗ ಅನ್ನುವುದನ್ನು ನೀರಿನ ಚಕ್ರದಿಂದ ತಿರುಗುವ, ಮೊಳೆ ಹೊಡೆದ ಉರುಳೆ ನಿರ್ಧರಿಸುತ್ತದೆ. ನುಡಿಸುವವರೇ ಬೇಡ! ಹಾಗಂತ ಸಂಗೀತಗಾರರಿಗೆ ಕೊರತೆ ಇರಲಿಲ್ಲ. ಆ ಕಾಲದ ದೊಡ್ಡ ಸಂಗೀತಗಾರ ಪಾಲೆಸ್ತ್ರೀನಾ ಕೂಡ ಕೆಲವು ವರ್ಷ ಇದೇ ಕಾರ್ಡಿನಲ್ ಬಳಿ ಕೆಲಸದಲ್ಲಿದ್ದ.