ಕಾಡೆಲ್ಲ ಒಂದೇ ಮಣ್ಣಲ್ಲ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭಾರತದ ಮಣ್ಣಿನ ನಕ್ಷೆಯಲ್ಲಿ ಕಪ್ಪು, ಕೆಂಪು, ಮೆಕ್ಕಲು, ಜಂಬಿಟ್ಟಿಗೆ ಮಣ್ಣುಗಳ ಜೊತೆಗೆ ‘ಅರಣ್ಯ ಮತ್ತು ಪರ್ವತ ಮಣ್ಣು’ ಎಂದು ಒಂದು ಬಣ್ಣ ಇದೆ. ನಮ್ಮೂರ ಕಾಡಿನಲ್ಲಿ ಅಗೆದರೆ ಕೆಮ್ಮಣ್ಣು, ಅದರಡಿ ಜಂಬಿಟ್ಟಿಗೆ. ‘ಹಾಗಾದ್ರೆ ಇದು ಯಾವ ಮಣ್ಣು ಮೇಡಂ?’ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: ಅದು ಜಂಬಿಟ್ಟಿಗೆ ಮಣ್ಣೇ ಎಂದು ಧೈರ್ಯವಾಗಿ ಹೇಳಿ ಮೇಡಂ. ಮೇಲೆ ಕಾಡಿದೆ, ಅಷ್ಟೆ. ಉಳಿದ ಬಣ್ಣಗಳು ಮಣ್ಣಿನ ಗುಣವನ್ನೋ ಹುಟ್ಟನ್ನೋ ಹೇಳುತ್ತವೆ. ‘ಅರಣ್ಯ ಮಣ್ಣು’ ಎನ್ನುವುದು ಅದರ ಮೇಲೆ ಏನು ನಿಂತಿದೆ ಎಂಬುದನ್ನು ಮಾತ್ರ ಹೇಳುತ್ತದೆ. ನಮ್ಮ ದೇಶದ ಅರಣ್ಯ ಹೊದಿಕೆ 2023ರ ಭಾರತ ಅರಣ್ಯ ಸ್ಥಿತಿ ವರದಿಯ ಪ್ರಕಾರ 7,15,343 ಚದರ ಕಿ.ಮೀ. ಹಿಮಾಲಯದ ದೇವದಾರು, ತರಾಯಿಯ ಮೆಕ್ಕಲಿನ ಮೇಲಿನ ಸಾಲ್, ದಖನ್ನಿನ ಕಪ್ಪುಕಲ್ಲಿನ ಮೇಲಿನ ತೇಗ, ಸುಂದರಬನದ ಉಪ್ಪುಕೆಸರಿನ ಕಾಂಡ್ಲಾ (ಮ್ಯಾಂಗ್ರೋವ್), ಇವೆಲ್ಲವೂ ಇದರೊಳಗೇ ಬರುತ್ತವೆ. ಇಷ್ಟಕ್ಕೂ ಒಂದೇ ಬಣ್ಣ ಬಳಿದರೆ ಮಕ್ಕಳಿಗೆ ತಿಳಿಯುವುದು ಬಹಳ ಕಡಿಮೆ.

ಮಣ್ಣನ್ನು ಮಾಡುವುದು ಕೆಳಗಿನ ಬಂಡೆ, ಮಳೆ-ಬಿಸಿಲು, ಇಳಿಜಾರು, ಜೀವಿಗಳು ಮತ್ತು ಕಾಲ. ಕಾಡು ಇವುಗಳಲ್ಲಿ ಒಂದರ ಭಾಗ ಮಾತ್ರ. ನಿಮಗೆ ಹತ್ತಿರದ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ಮೀರುತ್ತದೆ. ಅಷ್ಟು ನೀರು ಸುಣ್ಣ, ಪೊಟ್ಯಾಷ್‌ಗಳನ್ನೆಲ್ಲ ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅನ್ನು ಉಳಿಸುತ್ತದೆ; ಜಂಬಿಟ್ಟಿಗೆ ಹುಟ್ಟುವುದೇ ಹೀಗೆ. ಪೂರ್ವಕ್ಕೆ ಶಿವಮೊಗ್ಗದತ್ತ ಸಾಗಿದಂತೆ ಮಳೆ ಇಳಿಯುತ್ತದೆ, ಮಣ್ಣಿನ ಹುಳಿಯೂ ಇಳಿಯುತ್ತದೆ, ಕಾಡು ಮಾತ್ರ ಇಲ್ಲೂ ಅಲ್ಲೂ ಇದೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಬಂಡೀಪುರದ ಮೂಲೆಹೊಳೆ. ಭಾರತ–ಫ್ರಾನ್ಸ್ ವಿಜ್ಞಾನಿಗಳು ಬಹಳ ಕಾಲದಿಂದ ಅಧ್ಯಯನ ಮಾಡುತ್ತಿರುವ ಅಲ್ಲಿನ ಜಲಾನಯನದ ವಿಸ್ತೀರ್ಣ 4 ಚದರ ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಅದೇ ಒಣ ಎಲೆಯುದುರುವ ಕಾಡಿನ ಕೆಳಗೆ ಇಳಿಜಾರಿನಲ್ಲಿ ಕೆಮ್ಮಣ್ಣು, ತಗ್ಗಿನಲ್ಲಿ ಬೇಸಿಗೆಗೆ ಬಿರಿಯುವ ಎರೆಮಣ್ಣು. ಒಂದು ಮಳೆ ಬಿದ್ದರೆ ಎರಡೂ ಕಡೆ ನೀರು ಇಂಗುವ ರೀತಿ ಬೇರೆ.

ಮಕ್ಕಳನ್ನು ಕರೆದೊಯ್ದು ರಸ್ತೆಗಾಗಿ ಕಡಿದ ದರೆಯೊಂದನ್ನು ತೋರಿಸಿ. ಮೇಲಿಂದ ಕೆಳಕ್ಕೆ ಬಣ್ಣ ಎಲ್ಲೆಲ್ಲಿ ಬದಲಾಗುತ್ತದೆ ಎಂದು ಅವರೇ ಗುರುತಿಸಲಿ. ಮಣ್ಣಿನ ವರ್ಗೀಕರಣ ಶುರುವಾಗುವುದೇ ಆ ಪದರಗಳನ್ನು ಓದುವುದರಿಂದ.

ಪ್ರಶ್ನೆ: ಅರಣ್ಯಶಾಸ್ತ್ರದ ವಿದ್ಯಾರ್ಥಿ ನಾನು. ಇಷ್ಟೆಲ್ಲ ಉಪಗ್ರಹಗಳಿದ್ದೂ ಇಡೀ ದೇಶದ ಕಾಡುಮಣ್ಣಿಗೆ ವಿವರವಾದ ನಕ್ಷೆ ಯಾಕಿಲ್ಲ?

ಉತ್ತರ: ಉಪಗ್ರಹಕ್ಕೆ ಕಾಣುವುದು ಮರದ ತಲೆ. ದಟ್ಟ ಕಾಡಿನಲ್ಲಿ ಮಣ್ಣನ್ನು ಅದು ನೋಡುವುದೇ ಇಲ್ಲ. ಎತ್ತರ, ಇಳಿಜಾರು, ಬಂಡೆಯ ಜಾತಿ, ಹಸಿರಿನ ಪ್ರಮಾಣಗಳಿಂದ ಕೆಳಗೆ ಇಂಥ ಮಣ್ಣಿರಬಹುದು ಎಂದು ಕಂಪ್ಯೂಟರ್ ಅಂದಾಜು ಮಾಡಬಲ್ಲದು. ಆ ಅಂದಾಜನ್ನು ತಿದ್ದಲು ಗುಂಡಿ ತೋಡಲೇಬೇಕು. ಕಾಡಿನಲ್ಲಿ ಗುಂಡಿ ತೋಡುವುದಕ್ಕೆ ಅನುಮತಿ ಬೇಕು, ಆಳು ಬೇಕು, ಬೇರು-ಬಂಡೆಗಳೊಡನೆ ಗುದ್ದಾಡಬೇಕು.

ಎರಡನೆಯ ಕಾರಣ ನಮ್ಮ ಆದ್ಯತೆ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ 1986ರಿಂದ ಇಡೀ ದೇಶವನ್ನು 1:2,50,000 ಪ್ರಮಾಣದಲ್ಲಿ ನಕ್ಷೆಗಿಳಿಸಿತು. ಅದು ದೊಡ್ಡ ಸಾಧನೆ, ಕಾಡೂ ಅದರಲ್ಲಿ ಸೇರಿದೆ. ಆದರೆ ಆ ಪ್ರಮಾಣದಲ್ಲಿ ಕಾಗದದ ಮೇಲಿನ ಒಂದು ಚದರ ಸೆಂ.ಮೀ. ಅಂದರೆ ನೆಲದ ಮೇಲೆ 625 ಹೆಕ್ಟೇರ್. ಮೂಲೆಹೊಳೆಯ ಇಡೀ ಜಲಾನಯನವೇ ಅದಕ್ಕಿಂತ ಚಿಕ್ಕದು! ಆಮೇಲಿನ ಸೂಕ್ಷ್ಮ ಸಮೀಕ್ಷೆಗಳು ಹೆಚ್ಚಾಗಿ ಹೊಲಗದ್ದೆಗಳಿಗೆ ಹೋದವು.

ಬೇರೆ ದಾರಿ ಹಿಡಿದ ದೇಶ ಜಪಾನ್. ಅಲ್ಲಿ ಯುದ್ಧಾನಂತರ ಸರ್ಕಾರಿ ಕಾಡುಗಳ ಮಣ್ಣಿನ ಸಮೀಕ್ಷೆ ಶುರುವಾಯಿತು, 1975ರಲ್ಲಿ ಕಾಡುಮಣ್ಣಿಗೆಂದೇ ಒಂದು ವರ್ಗೀಕರಣ ರೂಪುಗೊಂಡಿತು. ನನಗೆ ಅದರಲ್ಲಿ ಬಹಳ ಹಿಡಿಸುವುದು ಅವರು ನೋಡಲು ಆರಿಸಿಕೊಂಡ ಸಂಗತಿಗಳು: ತರಗೆಲೆ ಎಷ್ಟು ಕೊಳೆತಿದೆ, ಅದರಲ್ಲಿ ಶಿಲೀಂಧ್ರದ ಬಿಳಿ ಎಳೆಗಳಿವೆಯೇ, ಮಣ್ಣಿನ ಹರಳು ಪುಡಿಯೋ ಗಟ್ಟಿಯೋ, ತೇವ ಎಷ್ಟು. ಅವರ ಕಾಡಿನ ಬಹುಪಾಲು ಕಂದು ಮಣ್ಣು. ಅದನ್ನೇ ಒಣ ದಿಬ್ಬದಿಂದ ಒದ್ದೆ ಕಣಿವೆಯವರೆಗೆ ‘ಎ’ಯಿಂದ ‘ಎಫ್’ವರೆಗೆ ವಿಂಗಡಿಸಿದರು. ಕಣಿವೆಗೆ ಸುಗಿ, ನಡುವೆ ಹಿನೋಕಿ (ಎರಡೂ ಅಲ್ಲಿನ ಸೂಚಿಪರ್ಣಿ ಮರಗಳು), ದಿಬ್ಬಕ್ಕೆ ಪೈನ್ ಎಂದು ಅಲ್ಲಿನ ಅರಣ್ಯದವರು ಮೊದಲಿಂದಲೂ ಹೇಳುತ್ತಿದ್ದ ಮಾತಿಗೆ ಇದರಿಂದ ಮಣ್ಣಿನ ಆಧಾರ ಸಿಕ್ಕಿತು.

ನಾವು ಹೆಚ್ಚಾಗಿ ಅನುಸರಿಸುವ ಅಮೆರಿಕದ ಮಣ್ಣಿನ ವರ್ಗೀಕರಣ ಪದ್ಧತಿ ಖನಿಜ ಮಣ್ಣಿಗೆ (ಬಂಡೆ ಸವೆದು ಆದ ಸಾಮಾನ್ಯ ಮಣ್ಣಿಗೆ) ಹೆಸರಿಡುವಾಗ ಕೆಳಗಿನ ಪದರಗಳಿಗೆ ಹೆಚ್ಚು ತೂಕ ಕೊಡುತ್ತದೆ. ಉಳುವ ನೆಲಕ್ಕೆ ಅದು ಸರಿ. ಕಾಡಿನಲ್ಲಿ ಪೋಷಕಾಂಶ ತಿರುಗುವುದು ತರಗೆಲೆಯ ಪದರದಲ್ಲಿ, ಅದಕ್ಕೆ ಹೆಸರಿನಲ್ಲಿ ಜಾಗವೇ ಸಿಗುವುದಿಲ್ಲ. ಮರಗಳ ವಿಷಯದಲ್ಲಿ ನಾವು ಹೀಗೆ ಮಾಡಿಲ್ಲ. ಅರಣ್ಯ ತಜ್ಞರಾದ ಚಾಂಪಿಯನ್ ಮತ್ತು ಸೇಠ್ ಅವರ 1968ರ ವರ್ಗೀಕರಣದಲ್ಲಿ ನಮ್ಮ ಕಾಡುಗಳಿಗೆ 16 ಮುಖ್ಯ ಗುಂಪುಗಳಿವೆ, ಅವುಗಳ ನಕ್ಷೆಯೂ ಇದೆ. ದೇಶದ ಅರಣ್ಯ ಇಂಗಾಲದ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿದೆ ಎಂದು ಸರ್ಕಾರದ ವರದಿಗಳೇ ಹೇಳುವಾಗ, ಅಷ್ಟೇ ವಿವರದ ಮಣ್ಣಿನ ನಕ್ಷೆ ಇಲ್ಲದಿರುವುದು ನನಗೆ ನೋವಿನ ವಿಷಯ. ಎಲ್ಲಿ ಯಾವ ಗಿಡ ನೆಡಬೇಕು ಎಂಬುದು ನರ್ಸರಿಯಲ್ಲಿ ಯಾವುದು ಉಳಿದಿದೆ ಎಂಬುದರ ಮೇಲೆ ತೀರ್ಮಾನವಾಗಬಾರದು. ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಒಂದು ಸಣ್ಣ ಹಳ್ಳದ ಕಾಡನ್ನು ಹಿಡಿದು ದಿಬ್ಬ, ಓರೆ, ತಗ್ಗು ಮೂರೂ ಕಡೆ ಗುಂಡಿ ತೋಡಿ ನಕ್ಷೆ ಮಾಡಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡಿನಿಂದ) ಪ್ರತಿವರ್ಷ ದರಕು, ಅಂದರೆ ಒಣ ತರಗೆಲೆ, ಗುಡಿಸಿ ತರುತ್ತೇವೆ. ಬೆಟ್ಟದ ಮಣ್ಣಿನ ಜಾತಿಯೇ ಬದಲಾಗುತ್ತದೆಯೇ?

ಉತ್ತರ: ಜಾತಿ ಅಷ್ಟು ಬೇಗ ಬದಲಾಗುವುದಿಲ್ಲ, ಅದು ಆಳದ ಪದರಗಳ ವಿಷಯ. ಮೇಲಿನ ಒಂದು ಗೇಣು ಮಾತ್ರ ಖಂಡಿತ ಬಡವಾಗುತ್ತದೆ. ಜರ್ಮನಿಯ ಕಾಡುಗಳಲ್ಲಿ ಕೊಟ್ಟಿಗೆಗೆಂದು ಶತಮಾನಗಳ ಕಾಲ ಎಲೆ ಗುಡಿಸಿದ್ದರಿಂದ ಮಣ್ಣು ಹುಳಿಯಾಗಿ ಸತ್ವ ಕಳೆದುಕೊಂಡಿತು. ನೀವು ಬೆಟ್ಟವನ್ನು ಪಾಲು ಮಾಡಿಕೊಂಡು ಪ್ರತಿವರ್ಷ ಒಂದು ಪಾಲನ್ನು ಗುಡಿಸದೆ ಬಿಡಿ. ಕಡಿದಾದ ಓರೆಯಲ್ಲಿ ಗುಡಿಸಲೇಬೇಡಿ. ಉಳಿದ ಕಡೆ ಹಳೆಯ ಅರೆಕೊಳೆತ ಪದರವನ್ನು ಕೆರೆಯದೆ ಈ ವರ್ಷದ ಎಲೆಯನ್ನಷ್ಟೇ ತನ್ನಿ.