ಗಿಟ್‌ಇಗ್ನೋರ್‌ಗೆ ಯಾವ ಫೈಲುಗಳನ್ನು ಸೇರಿಸಬೇಕು?

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ: ನೋಡ್ ಮತ್ತು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನಗಳನ್ನು ಬಳಸಿದ ಪ್ರಾಜೆಕ್ಟಿನಲ್ಲಿ ಯಾವ ಫೈಲುಗಳನ್ನು ಗಿಟ್‌ನಿಂದ (ಕೋಡಿನ ಬದಲಾವಣೆಗಳ ದಾಖಲೆಯಿಡುವ ಸಾಧನದಿಂದ) ಹೊರಗಿಡಬೇಕು, ಮತ್ತು ಪಾಸ್‌ವರ್ಡ್, ಕೀಗಳನ್ನು ಬರೆದಿಡುವ ‘.ಎನ್ವ್’ ಫೈಲನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿಗೆ) ಸೇರಿಸಿದ ಮೇಲೂ ಅದರ ಬದಲಾವಣೆಗಳು ಸ್ಟೇಟಸ್‌ನಲ್ಲಿ ಕಾಣಿಸುತ್ತಲೇ ಇರುವುದೇಕೆ. ಎರಡನೆಯದು ತುರ್ತಿನದಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಗಿಟ್ ಇನ್ನೂ ಟ್ರ್ಯಾಕ್ ಮಾಡದ ಫೈಲುಗಳಿಗೆ ಮಾತ್ರ ಗಿಟ್‌ಇಗ್ನೋರ್ ಅನ್ವಯಿಸುತ್ತದೆ. ನಿಮ್ಮ ಫೈಲು ಹಿಂದೆಯೇ ಕಮಿಟ್ ಆಗಿರುವುದರಿಂದ (ಗಿಟ್‌ನ ದಾಖಲೆಗೆ ಸೇರಿರುವುದರಿಂದ) ‘ಗಿಟ್ ಆರ್‌ಎಂ --ಕ್ಯಾಶ್ಡ್ .ಎನ್ವ್’ ಎಂಬ ಕಮಾಂಡ್ ಕೊಟ್ಟು ಮತ್ತೆ ಕಮಿಟ್ ಮಾಡಬೇಕು. ಆಗ ನಿಮ್ಮ ಕಂಪ್ಯೂಟರಿನಲ್ಲಿ ಫೈಲು ಹಾಗೆಯೇ ಉಳಿಯುತ್ತದೆ, ಆದರೆ ಆ ಕಮಿಟನ್ನು ಪುಲ್ ಮಾಡುವ ಸಹೋದ್ಯೋಗಿಗಳ ಪ್ರತಿ ಅಳಿಸಿಹೋಗುತ್ತದೆ. ಅವರಿಗೆ ಮೊದಲೇ ತಿಳಿಸಿ. ಹಳೆಯ ಕಮಿಟ್‌ಗಳಲ್ಲಂತೂ ಪಾಸ್‌ವರ್ಡ್ ಇದ್ದೇ ಇರುತ್ತದೆ. ಈಗಾಗಲೇ ಪುಶ್ ಮಾಡಿದ್ದರೆ (ಎಲ್ಲರೂ ಹಂಚಿಕೊಳ್ಳುವ ಸರ್ವರಿಗೆ ಕಳಿಸಿದ್ದರೆ) ಅದು ಬಯಲಾಗಿದೆ ಎಂದೇ ತಿಳಿದು, ಡೇಟಾಬೇಸ್ ಪಾಸ್‌ವರ್ಡನ್ನೂ ಎಪಿಐ ಕೀಗಳನ್ನೂ ದಯವಿಟ್ಟು ಇಂದೇ ಬದಲಾಯಿಸಿ. ಹಿಸ್ಟರಿಯನ್ನು ಶುದ್ಧಗೊಳಿಸುವುದು ಆಮೇಲಿನ ಕೆಲಸ. ಮುಂದೆ ಬರುವವರಿಗಾಗಿ, ಮೌಲ್ಯಗಳಿಲ್ಲದೆ ವೇರಿಯಬಲ್‌ಗಳ ಹೆಸರುಗಳನ್ನಷ್ಟೇ ಬರೆದ ‘.ಎನ್ವ್.ಎಕ್ಸಾಂಪಲ್’ ಫೈಲನ್ನು ಕಮಿಟ್ ಮಾಡಿಡಿ.

ಇನ್ನುಳಿದ ಫೈಲುಗಳ ವಿಷಯದಲ್ಲಿ, ರೆಪೊಸಿಟರಿಯಲ್ಲಿ (ಗಿಟ್ ಕಾಪಾಡುವ ಪ್ರಾಜೆಕ್ಟಿನ ಸಂಗ್ರಹದಲ್ಲಿ) ಇರುವುದರಿಂದಲೇ ಈ ಫೈಲನ್ನು ಮತ್ತೆ ತಯಾರಿಸಬಹುದೇ ಎಂದು ನಾನು ಕೇಳಿಕೊಳ್ಳುತ್ತೇನೆ. ಹಾಗೆ ತಯಾರಿಸಬಹುದಾದ ‘ನೋಡ್_ಮಾಡ್ಯೂಲ್ಸ್’ (ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳು), ‘ಡಿಸ್ಟ್’ (ಬಿಲ್ಡ್‌ನ ಫಲಿತಾಂಶ) ಹೊರಗಿರಲಿ, ಲಾಗ್‌ಗಳೂ ಹೊರಗಿರಲಿ. ಆದರೆ ‘ಪ್ಯಾಕೇಜ್-ಲಾಕ್.ಜೆಸನ್’ ತಾನಾಗಿ ತಯಾರಾದ ಫೈಲು ಎಂಬ ಕಾರಣಕ್ಕೆ ಅದನ್ನು ಕೈಬಿಡಬೇಡಿ. ಬೇಕಾದ ಪ್ಯಾಕೇಜ್‌ಗಳನ್ನು ಪಟ್ಟಿಮಾಡುವ ‘ಪ್ಯಾಕೇಜ್.ಜೆಸನ್’ನಲ್ಲಿ ‘^4.18.0’ ಎಂದಿದ್ದರೆ 4.18.0ರಿಂದ ಮೇಲಿನ, 5ಕ್ಕಿಂತ ಕೆಳಗಿನ ಯಾವ ಆವೃತ್ತಿಯಾದರೂ ಇನ್‌ಸ್ಟಾಲ್ ಆಗಬಹುದು. ಎಲ್ಲರಿಗೂ ಒಂದೇ ಆವೃತ್ತಿ ಸಿಗುವಂತೆ ಮಾಡುವುದು ಲಾಕ್ ಫೈಲು, ಮತ್ತು ಅದಿಲ್ಲದೆ ಲಾಕ್ ಫೈಲಿನಂತೆಯೇ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ‘ಎನ್‌ಪಿಎಂ ಸಿಐ’ ಕಮಾಂಡ್ ನಡೆಯುವುದೇ ಇಲ್ಲ. ಮ್ಯಾಕ್‌ನ ‘.ಡಿಎಸ್_ಸ್ಟೋರ್’ನಂಥವು ನಿಮ್ಮ ಕಂಪ್ಯೂಟರಿಗೆ ಮಾತ್ರ ಸೇರಿದವು, ಅವುಗಳನ್ನು ‘ಕೋರ್.ಎಕ್ಸ್‌ಕ್ಲೂಡ್ಸ್‌ಫೈಲ್’ ಸೆಟ್ಟಿಂಗ್ ಸೂಚಿಸುವ ನಿಮ್ಮದೇ ಫೈಲಿನಲ್ಲಿ ಬರೆಯುವುದು ಮೇಲು.

ಪ್ಯಾಟರ್ನ್ ಬರೆಯುವಾಗಲೂ ಎಚ್ಚರವಿರಲಿ. ಒಮ್ಮೆ ನಾನು ಆರಂಭದಲ್ಲಿ ಸ್ಲ್ಯಾಶ್ ಹಾಕದೆ ‘ಬಿಲ್ಡ್/’ ಎಂದು ಬರೆದಿದ್ದೆ. ಅದು ಮೇಲಿನ ಹಂತದ ಫೋಲ್ಡರಿನ ಜೊತೆಗೆ, ನಾವೇ ಕೋಡ್ ಬರೆದಿಟ್ಟಿದ್ದ ‘ಎಸ್‌ಆರ್‌ಸಿ/ಬಿಲ್ಡ್’ ಅನ್ನೂ ಸದ್ದಿಲ್ಲದೆ ಹೊರಗಿಟ್ಟಿತ್ತು. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಹೊಸದಾಗಿ ಕ್ಲೋನ್ ಮಾಡಿಕೊಂಡ (ರೆಪೊಸಿಟರಿಯ ಪ್ರತಿ ಪಡೆದ) ಸಹೋದ್ಯೋಗಿಗೆ ಮಾತ್ರ ಮಾಡ್ಯೂಲ್ ಸಿಗುತ್ತಿಲ್ಲ ಎಂಬ ದೋಷ ಬರುತ್ತಿತ್ತು. ಅರ್ಧ ದಿನ ಹುಡುಕಿದ ಮೇಲೆ ‘ಗಿಟ್ ಚೆಕ್-ಇಗ್ನೋರ್ -ವಿ’ ಕಮಾಂಡಿಗೆ ಆ ಫೈಲಿನ ಹೆಸರು ಕೊಟ್ಟಾಗ, ಯಾವ ಇಗ್ನೋರ್ ಫೈಲಿನ ಎಷ್ಟನೆಯ ಸಾಲು ಅದನ್ನು ತಡೆದಿದೆ ಎಂಬುದನ್ನು ಗಿಟ್ ನೇರವಾಗಿ ತೋರಿಸಿತು. ‘/ಬಿಲ್ಡ್/’ ಎಂದು ತಿದ್ದಿದ ಮೇಲೆ ಫೋಲ್ಡರು ಸ್ಟೇಟಸ್‌ನಲ್ಲಿ ಕಾಣಿಸಿಕೊಂಡಿತು.